ಗೇಟ್ ನಂಬರ್ 19ರಿಂದ ವಿಮಾನದ ರೆಕ್ಕೆವರೆಗೆ: ‘ಸಿಕ್ಕಿಹಾಕಿಕೊಂಡ್ರೆ ಏನ್ ಮಾಡ್ತೀರಿ?’

ಇಯರ್‌ಫೋನ್ ಮನೇಲೇ ಬಿಟ್ಟು ಬಸ್ ಹತ್ತಿದವರು ಪೂರ್ತಿ ಮಾತನ್ನ ಇಲ್ಲೇ ಓದಿಕೊಳ್ಳಬಹುದು.

ಒಂದು ರಾತ್ರಿಯಿಂದ ಶುರು ಮಾಡ್ತೀನಿ. 2024ರ ಆಗಸ್ಟ್ 10, ಶನಿವಾರ. ಹೊಸಪೇಟೆಯ ತುಂಗಭದ್ರಾ ಡ್ಯಾಂ ತುಂಬಿ ನಿಂತಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ಕಟ್ಟಾಯ್ತು, ಗೇಟು ಕೊಚ್ಚಿಕೊಂಡು ಹೋಯ್ತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು. ಒತ್ತಡ ಕಡಿಮೆ ಮಾಡೋಕೆ ಬೇರೆ ಗೇಟುಗಳಿಂದಲೂ ನೀರು ಬಿಡಬೇಕಾಯ್ತು. ಹಂಪಿ, ಕಂಪ್ಲಿ ಕಡೆಯ ನದಿದಂಡೆಯವರಿಗೆ ಪ್ರವಾಹದ ಭಯ. ಕಾಲುವೆ ನಂಬಿದ ರೈತರಿಗೆ ಉಲ್ಟಾ ಚಿಂತೆ: ಇಷ್ಟು ನೀರು ಹೋದ್ರೆ ನಮ್ಮ ಬೆಳೆಗೆ ಏನು ಉಳಿಯುತ್ತೆ?

ಆ ವಾರ ಎಲ್ಲರ ಫೋನ್‌ನಲ್ಲೂ ಅದೇ ವಿಡಿಯೊ. ನೊರೆ, ಸದ್ದು, ಸೇತುವೆ ಮೇಲೆ ಟಾರ್ಚ್ ಬೆಳಕು. ನನಗೆ ಮಾತ್ರ ತಲೆಯಲ್ಲಿ ಕೂತದ್ದು ಬೇರೆ ವಿಷಯ. 33 ಗೇಟಿನ ಅಷ್ಟು ದೊಡ್ಡ ಅಣೆಕಟ್ಟು, 1953ರಿಂದ ನೀರು ಹಿಡಿದು ನಿಂತದ್ದು, ಅಷ್ಟು ನೀರಿನ ಹಣೆಬರಹ ಆ ರಾತ್ರಿ ಒಂದು ಚೈನಿನ ಒಂದು ಕೊಂಡಿಯ ಮೇಲೆ ನಿಂತಿತ್ತು. ಕೊಂಡಿ ಹೋದ ಮೇಲೆ ಮುಂದೆ ಇಳಿಸೋಕೆ ಸ್ಟಾಪ್‌ಲಾಗ್, ಅಂದ್ರೆ ಬದಲಿ ಗೇಟು, ಸಿದ್ಧವಾಗಿರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ, ಹೊಸಪೇಟೆ–ತೋರಣಗಲ್ಲು ಸುತ್ತಲಿನ ವರ್ಕ್‌ಶಾಪ್‌ಗಳು ಸೇರಿ ಉಕ್ಕಿನ ಹಲಗೆಗಳನ್ನ ತಯಾರು ಮಾಡಿ, ಹರಿಯೋ ನೀರಲ್ಲೇ ಮೊದಲನೆಯದನ್ನ ಕೂರಿಸಿದ್ದು ಆಗಸ್ಟ್ 16ರಂದು.

ಇವತ್ತಿನ ವಿಷಯ ಡ್ಯಾಂ ಅಲ್ಲ, ವಿಮಾನ. ವಿಮಾನದ ರೆಕ್ಕೆ, ಬಾಲದ ಭಾಗಗಳನ್ನ ಅಲ್ಲಾಡಿಸೋ ಎಲೆಕ್ಟ್ರೋಮೆಕ್ಯಾನಿಕಲ್ ಆಕ್ಚುಯೇಟರ್ ಅನ್ನೋ ಸಾಧನ, ಅದನ್ನ ಮಾಡಿ ಮಾರೋ ಕಂಪನಿಗಳು. ಆದ್ರೆ ಡ್ಯಾಂ ಗೇಟನ್ನ ಯಾಕೆ ಎಳೆದು ತಂದೆ ಅಂದ್ರೆ, ಕೆಲಸ ಒಂದೇ. ದೊಡ್ಡ ಒತ್ತಡದ ಎದುರು ಒಂದು ಹಲಗೆಯನ್ನ ಸರಿಯಾದ ಜಾಗಕ್ಕೆ ಸರಿಸಿ, ಅಲ್ಲೇ ಹಿಡಿದಿಡಬೇಕು. ಡ್ಯಾಂನಲ್ಲಿ ನೀರು, ವಿಮಾನದಲ್ಲಿ ಗಾಳಿ. ಮಧ್ಯದ ಕೊಂಡಿ ಕೈಕೊಟ್ರೆ ಏನು ಅನ್ನೋ ಪ್ರಶ್ನೆ ಎರಡಕ್ಕೂ ಒಂದೇ.

ಟಿಪ್ಪರ್ ಎತ್ತೋದು, ಜಾಕ್ ತಿರುಗಿಸೋದು

ಸಂಡೂರು ಕಡೆ ಅದಿರಿನ ಟಿಪ್ಪರ್ ನೋಡದವರು ಯಾರೂ ಇಲ್ಲ. ಅದರ ಹಿಂದಿನ ತೊಟ್ಟಿಯನ್ನ ಎತ್ತೋದು ಆಯಿಲ್. ಪಂಪು ಆಯಿಲನ್ನ ಒತ್ತುತ್ತೆ, ಸಿಲಿಂಡರ್ ಉದ್ದ ಆಗುತ್ತೆ, ಲೋಡ್ ಕೆಳಗೆ ಸುರಿಯುತ್ತೆ. ಇದು ಹೈಡ್ರಾಲಿಕ್. ದೊಡ್ಡ ವಿಮಾನಗಳಲ್ಲಿ ಹಲವು ದಶಕಗಳಿಂದ ರೆಕ್ಕೆಯ ಭಾಗಗಳನ್ನ ಅಲ್ಲಾಡಿಸ್ತಾ ಇರೋದು ಇದೇ ತತ್ವ. ನಾವು ಕಾರಿನ ಟೈರಿಗೆ 32ರ ಆಸುಪಾಸು ಪಿಎಸ್‌ಐ ಗಾಳಿ ಹಿಡಿಸ್ತೀವಿ ಅಲ್ವಾ? ಸಾಮಾನ್ಯ ಪ್ರಯಾಣಿಕ ವಿಮಾನದ ಆಯಿಲ್ ಲೈನಲ್ಲಿ 3,000 ಪಿಎಸ್‌ಐ ಇರುತ್ತೆ. ಏರ್‌ಬಸ್ ಎ380, ಬೋಯಿಂಗ್ 787ರಲ್ಲಿ 5,000.

ಈಗ ಇನ್ನೊಂದು ನೆನಪು ಮಾಡ್ಕೊಳ್ಳಿ. ಕಾರು ಪಂಕ್ಚರ್ ಆದಾಗ ಡಿಕ್ಕಿಯಿಂದ ಜಾಕ್ ತೆಗೀತೀರಿ. ರಾಡ್ ಹಾಕಿ ತಿರುಗಿಸಿದ್ರೆ ಉದ್ದನೆ ಸ್ಕ್ರೂ ತಿರುಗುತ್ತೆ, ಕಾರು ನಿಧಾನಕ್ಕೆ ಮೇಲೇಳುತ್ತೆ. ಕೈ ಬಿಟ್ರೂ ಕೆಳಗೆ ಬರೋದಿಲ್ಲ. ಆ ಕೈಯ ಜಾಗದಲ್ಲಿ ಒಂದು ಮೋಟಾರ್, ಮಧ್ಯೆ ಒಂದು ಗೇರ್‌ಬಾಕ್ಸ್, ‘ಸ್ಕ್ರೂ ಎಷ್ಟು ಮುಂದೆ ಬಂದಿದೆ’ ಅಂತ ಹೇಳೋಕೆ ಒಂದು ಸೆನ್ಸರ್, ಎಲ್ಲವನ್ನೂ ಆಡಿಸೋಕೆ ಒಂದು ಕಂಪ್ಯೂಟರ್ ಹಾಕಿ. ಅಷ್ಟೇ, ಎಲೆಕ್ಟ್ರೋಮೆಕ್ಯಾನಿಕಲ್ ಆಕ್ಚುಯೇಟರ್ ರೆಡಿ. ವಿಮಾನದಲ್ಲಿ ಎಷ್ಟೋ ಕಡೆ ಸಾದಾ ಸ್ಕ್ರೂ ಬದಲು ಬಾಲ್ ಸ್ಕ್ರೂ ಬಳಸ್ತಾರೆ, ಸ್ಕ್ರೂ ಮತ್ತು ನಟ್ ನಡುವೆ ಬೇರಿಂಗ್ ಥರ ಉಕ್ಕಿನ ಗುಂಡುಗಳು ಉರುಳ್ತವೆ. ಘರ್ಷಣೆ ಕಡಿಮೆ, ಚಿಕ್ಕ ಮೋಟಾರ್ ಸಾಕು. ಆದ್ರೆ ಇದು ಕಾರಿನ ಜಾಕ್ ಥರ ತಾನಾಗಿ ನಿಲ್ಲೋದಿಲ್ಲ, ಗಾಳಿ ಒತ್ತಿದ್ರೆ ಹಿಂದಕ್ಕೆ ತಿರುಗಿಬಿಡುತ್ತೆ. ಅದಕ್ಕೆ ಬ್ರೇಕ್ ಬೇಕು. ಬ್ರೇಕಿಗೂ ಒಂದು ಬದಲಿ ಬೇಕು. ಹೀಗೆ ಒಂದಕ್ಕೊಂದು ಸೇರ್ತಾ ಸೇರ್ತಾ ಬೆಲೆ ಏರುತ್ತೆ.

ಎಂಜಿನಿಯರಿಂಗ್ ಓದೋ ಹುಡುಗರು, ಹುಡುಗಿಯರು ಈಗ ನಗ್ತಾ ಇರ್ತೀರಿ. ನಿಮ್ಮ ಪ್ರಾಜೆಕ್ಟಿಗೆ ಆನ್‌ಲೈನಲ್ಲಿ ತರಿಸಿದ ಚಿಕ್ಕ ಸರ್ವೋ ಮೋಟಾರಿನಲ್ಲೂ ಇದೇ ಇದೆ: ಮೋಟಾರ್, ಗೇರು, ಸೆನ್ಸರ್. ಕೆಲವು ನೂರು ರೂಪಾಯಿ. ಹಾಗಾದ್ರೆ ವಿಮಾನದ್ದು ಯಾಕೆ ಅಷ್ಟು ದುಬಾರಿ, ಮಾಡೋರು ಯಾಕೆ ಬೆರಳೆಣಿಕೆಯಷ್ಟು ಮಂದಿ? ಈ ಎಪಿಸೋಡ್ ಪೂರ್ತಿ ಆ ಪ್ರಶ್ನೆಗೇ.

ಮೊದಲು, ಆಯಿಲ್ ಚೆನ್ನಾಗೇ ಕೆಲಸ ಮಾಡ್ತಿದ್ರೆ ಕರೆಂಟ್ ಯಾಕೆ ಬೇಕು? ಜೆಸಿಬಿ ಆಪರೇಟರನ್ನ ಕೇಳಿ ನೋಡಿ, ಅರ್ಧ ತಲೆನೋವು ಹೋಸ್ ಪೈಪು, ಸೀಲು, ಸೋರಿಕೆ. ವಿಮಾನದಲ್ಲೂ ಅದೇ. ಮೂಗಿಂದ ಬಾಲದವರೆಗೆ ಪೈಪು, ಅದರೊಳಗೆ ಆಯಿಲ್, ಎಲ್ಲ ತೂಕ. ರೆಕ್ಕೆ ಅಲ್ಲಾಡದೇ ಇದ್ದಾಗಲೂ ಪಂಪು ಒತ್ತಡ ಕಾಯ್ದುಕೊಳ್ಳೋಕೆ ತಿರುಗ್ತಾನೇ ಇರುತ್ತೆ, ಅದಕ್ಕೂ ಇಂಧನ. ಮೋಟಾರ್ ಆದ್ರೆ ಅಲ್ಲಾಡಿಸುವಾಗ ಹೆಚ್ಚು ಕರೆಂಟ್, ಸುಮ್ಮನಿದ್ದಾಗ ಕಡಿಮೆ. ಪೈಪಿನ ಜಾಗದಲ್ಲಿ ವೈರು.

ಇನ್ನೊಂದು ಕಾರಣ ಭಯಾನಕ. 1989ರ ಜುಲೈ 19, ಅಮೆರಿಕದಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ 232ನೇ ಫ್ಲೈಟ್, ಡಿಸಿ-10 ವಿಮಾನ. ಬಾಲದಲ್ಲಿದ್ದ ಎಂಜಿನಿನ ಫ್ಯಾನ್ ಡಿಸ್ಕ್ ಒಡೆದು ಚೂರುಗಳು ಸಿಡಿದವು. ವಿಮಾನದಲ್ಲಿ ಒಂದಲ್ಲ, ಎರಡಲ್ಲ, ಮೂರು ಹೈಡ್ರಾಲಿಕ್ ವ್ಯವಸ್ಥೆ ಇತ್ತು. ಆದ್ರೆ ಬಾಲದ ಹತ್ತಿರ ಮೂರರ ಪೈಪುಗಳೂ ಅಕ್ಕಪಕ್ಕದಲ್ಲೇ. ಮೂರರ ಆಯಿಲೂ ಸೋರಿಹೋಯ್ತು. ಪೈಲಟ್‌ಗಳು ಉಳಿದ ಎರಡು ಎಂಜಿನ್‌ಗಳ ವೇಗವನ್ನ ಹೆಚ್ಚು ಕಡಿಮೆ ಮಾಡುತ್ತಾ ಸೂ ಸಿಟಿ ಅನ್ನೋ ಊರಿನ ರನ್‌ವೇವರೆಗೆ ತಂದ್ರು. 296 ಜನರಲ್ಲಿ 184 ಜನ ಬದುಕಿದ್ರು. ಮೂರು ಇದ್ದರೆ ಸಾಲದು, ಮೂರೂ ಒಂದೇ ಏಟಿಗೆ ಸಿಗಬಾರದು ಅನ್ನೋದನ್ನ ವಿಮಾನ ಮಾಡೋರಿಗೆ ಮರೆಯಲಾಗದ ಹಾಗೆ ಕಲಿಸಿದ ಅಪಘಾತ ಅದು.

ಎ380ಯಲ್ಲಿ ಏರ್‌ಬಸ್ ಈ ದಾರಿ ಹಿಡಿಯಿತು: ಎರಡು ಹೈಡ್ರಾಲಿಕ್, ಎರಡು ಎಲೆಕ್ಟ್ರಿಕ್. ಎರಡೂ ಬೇರೆ ಬೇರೆ ಜಾತಿ. ಎ350ಯಲ್ಲೂ ಹೀಗೇ.

ಆಯಿಲಿಗೆ ಇರೋ ಒಂದು ಒಳ್ಳೆ ಗುಣ

ಇಲ್ಲಿ ಸ್ವಲ್ಪ ನಿಧಾನಕ್ಕೆ ಕೇಳಿ, ವಿಷಯದ ಗಂಟು ಇಲ್ಲೇ ಇದೆ.

ರೆಕ್ಕೆಯ ಹಿಂದಿನ ಒಂದು ಹಲಗೆಗೆ ಎರಡು ಆಕ್ಚುಯೇಟರ್ ಹಾಕಿದ್ದಾರೆ ಅಂದ್ಕೊಳ್ಳಿ, ಒಂದು ಕೆಟ್ರೆ ಇನ್ನೊಂದಿರಲಿ ಅಂತ. ಎರಡೂ ಹೈಡ್ರಾಲಿಕ್ ಆಗಿದ್ರೆ, ಕೆಟ್ಟದ್ದರ ಒಳಗೆ ಒಂದು ವಾಲ್ವ್ ತೆರೆದುಕೊಳ್ಳುತ್ತೆ. ಆಯಿಲ್ ಈ ಕಡೆಯಿಂದ ಆ ಕಡೆಗೆ ಆರಾಮಾಗಿ ಓಡಾಡುತ್ತೆ. ಕೆಟ್ಟದ್ದು ಸುಮ್ಮನೆ ಜೊತೆಗೆ ಎಳೆದಾಡಿಕೊಂಡು ಬರುತ್ತೆ, ಇನ್ನೊಂದು ಕೆಲಸ ಮಾಡುತ್ತೆ. ಜೋಡೆತ್ತಿನಲ್ಲಿ ಒಂದು ಸುಸ್ತಾಗಿದೆ, ಆದ್ರೆ ಕಾಲು ಹಾಕ್ತಾ ಇದೆ. ಗಾಡಿ ಸಾಗುತ್ತೆ.

ಅದೇ ಸ್ಕ್ರೂ ಆದ್ರೆ? ಬಾಲ್ ಸ್ಕ್ರೂ ಒಳಗೆ ಒಂದು ಗುಂಡು ಒಡೀತು, ಗೇರಿನ ಒಂದು ಹಲ್ಲು ಮುರಿದು ನಡುವೆ ಸಿಕ್ಕಿತು ಅಂದ್ಕೊಳ್ಳಿ. ಆಕ್ಚುಯೇಟರ್ ಗಕ್ಕಂತ ನಿಂತುಬಿಡುತ್ತೆ. ತಾನೂ ಹೋಗೋದಿಲ್ಲ, ಪಕ್ಕದ್ದನ್ನೂ ಹೋಗೋಕೆ ಬಿಡೋದಿಲ್ಲ. ಒಂದೆತ್ತು ದಾರಿ ಮಧ್ಯೆ ಮಲಗಿಬಿಟ್ಟ ಹಾಗೆ. ಎರಡು ಹಾಕಿದ್ದಕ್ಕೆ ಲಾಭ ಏನು ಬಂತು? ಈ ಸಮಸ್ಯೆಗೆ ಎಂಜಿನಿಯರ್‌ಗಳು ಹೇಳೋ ಹೆಸರು ಜಾಮ್.

ಇದನ್ನ ಬಿಡಿಸೋಕೆ ಕ್ಲಚ್ ಹಾಕಬಹುದು, ಸಿಕ್ಕಿಹಾಕಿಕೊಂಡಾಗ ಕಳಚಿಕೊಳ್ಳೋ ಜೋಡಣೆ ಹಾಕಬಹುದು. ಆದ್ರೆ ತೂಕ ಏರುತ್ತೆ, ಆಯಿಲ್ ಬಿಟ್ಟು ಉಳಿಸಿದ ತೂಕ ಇಲ್ಲೇ ಖರ್ಚಾಗುತ್ತೆ. ಜೊತೆಗೆ ಆ ಕ್ಲಚ್ಚೇ ಬೇಡದ ಹೊತ್ತಲ್ಲಿ ಕಳಚಿಕೊಂಡ್ರೆ? ಅದಕ್ಕೂ ಉತ್ತರ ಬೇಕು. ಬಿಸಿಯದ್ದು ಇನ್ನೊಂದು ತಕರಾರು. ಹೈಡ್ರಾಲಿಕ್‌ನಲ್ಲಿ ಹರಿಯೋ ಆಯಿಲ್ಲೇ ಬಿಸಿಯನ್ನ ಹೊತ್ತುಕೊಂಡು ಹೋಗುತ್ತೆ. ತೆಳು ರೆಕ್ಕೆಯೊಳಗೆ ಕೂತ ಮೋಟಾರಿನ ಬಿಸಿ ಎಲ್ಲಿಗೆ ಹೋಗಬೇಕು?

ಅದಕ್ಕೇ ಎ380ಯ ರೆಕ್ಕೆಯಲ್ಲಿ ಎಲೆಕ್ಟ್ರಿಕ್ ಅಂತ ನಾನು ಹೇಳಿದ್ದು ಪೂರ್ತಿ ಸ್ಕ್ರೂ ಅಲ್ಲ. ಅಲ್ಲಿ ಮೋಟಾರ್ ಒಂದು ಪುಟ್ಟ ಪಂಪನ್ನ ತಿರುಗಿಸುತ್ತೆ, ಅಲ್ಲೇ ಇರೋ ಸ್ವಲ್ಪ ಆಯಿಲ್ ಸಿಲಿಂಡರನ್ನ ತಳ್ಳುತ್ತೆ. ಅದನ್ನ ಎಲೆಕ್ಟ್ರೋ ಹೈಡ್ರೋಸ್ಟ್ಯಾಟಿಕ್ ಅಂತಾರೆ. ಕರೆಂಟಿನ ಅನುಕೂಲವೂ ಬಂತು, ಆಯಿಲಿನ ‘ಬಿಟ್ಟುಕೊಡೋ’ ಗುಣವೂ ಉಳೀತು. ಬೋಯಿಂಗ್ 787ರಲ್ಲಿ ಪೂರ್ತಿ ಎಲೆಕ್ಟ್ರೋಮೆಕ್ಯಾನಿಕಲ್ ಆಕ್ಚುಯೇಟರ್ ಇದೆ, ಆದ್ರೆ ಜಾಗ ನೋಡಿ: ರೆಕ್ಕೆ ಮೇಲಿನ ಸ್ಪಾಯ್ಲರ್‌ಗಳಲ್ಲಿ ಎರಡು ಜೊತೆ ಮಾತ್ರ. ಸ್ಪಾಯ್ಲರ್ ಸಾಲಿನಲ್ಲಿ ಹಲವು ಹಲಗೆ ಇರ್ತವೆ, ಒಂದು ನಿಂತ್ರೆ ಉಳಿದವು ಸಂಭಾಳಿಸ್ತವೆ. 787ರ ಚಕ್ರದ ಬ್ರೇಕುಗಳೂ ಎಲೆಕ್ಟ್ರಿಕ್. ಸಿಕ್ಕಿಕೊಂಡ್ರೂ ಜೀವ ಹೋಗದ ಜಾಗದಲ್ಲಿ ಮೊದಲು ಬಿಡ್ತಾರೆ, ನಂಬಿಕೆ ಬಂದ ಹಾಗೆ ಒಳಗೆ ಕರೀತಾರೆ. ಹೊಸ ಅಳಿಯನ ಥರ.

ಜೀವ ಹೋಗೋ ಜಾಗದಲ್ಲಿ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2000ದ ಜನವರಿ 31, ಅಲಾಸ್ಕಾ ಏರ್‌ಲೈನ್ಸ್ ಫ್ಲೈಟ್ 261, ಎಂಡಿ-83 ವಿಮಾನ. ಮೆಕ್ಸಿಕೊದಿಂದ ಹೊರಟಿತ್ತು. ಬಾಲದ ಅಡ್ಡ ರೆಕ್ಕೆಯ ಕೋನವನ್ನ ಬದಲಿಸೋಕೆ ಅದರಲ್ಲಿ ಇದ್ದದ್ದು ಎಲೆಕ್ಟ್ರಿಕ್ ಮೋಟಾರಿಂದ ತಿರುಗೋ ಒಂದು ದೊಡ್ಡ ಜಾಕ್‌ಸ್ಕ್ರೂ, ಅದರ ಮೇಲೊಂದು ನಟ್. ನಮ್ಮ ಕಾರಿನ ಜಾಕಿನ ಅಣ್ಣ ಅನ್ನಿ. ಸಾಕಷ್ಟು ಗ್ರೀಸ್ ಹಾಕಿರಲಿಲ್ಲ. ನಟ್ಟಿನ ಒಳಗಿನ ಮರೆ ಸವೆದು ಸವೆದು ಕಿತ್ತುಹೋಯ್ತು. ಮೊದಲು ಬಾಲ ಸಿಕ್ಕಿಹಾಕಿಕೊಂಡಿತು, ಆಮೇಲೆ ಹಿಡಿತವೇ ಬಿಟ್ಟಿತು. ವಿಮಾನ ಕ್ಯಾಲಿಫೋರ್ನಿಯಾ ಕರಾವಳಿಯ ಹತ್ತಿರ ಸಮುದ್ರಕ್ಕೆ ಬಿತ್ತು. 88 ಜನ, ಯಾರೂ ಉಳಿಯಲಿಲ್ಲ. ಗ್ರೀಸ್ ಹಾಕೋ ಮತ್ತು ಸವೆತ ಅಳೆಯೋ ಅವಧಿಯನ್ನ ಉದ್ದ ಮಾಡಿದ್ದು, ನಟ್ಟಿನ ಮರೆ ಪೂರ್ತಿ ಹೋದ್ರೆ ತಡೆಯೋಕೆ ಬೇರೆ ಏನೂ ಇಲ್ಲದೇ ಇದ್ದದ್ದು, ಎರಡನ್ನೂ ತನಿಖೆ ಎತ್ತಿ ಹೇಳಿತು.

ಗೇಟ್ 19, ಈ ನಟ್. ಒಂದು ನದಿಯಲ್ಲಿ, ಒಂದು ಆಕಾಶದಲ್ಲಿ.

ಈಗ ಆ ದುಬಾರಿ ಬೆಲೆಯ ಪ್ರಶ್ನೆಗೆ ಬರೋಣ. ದೊಡ್ಡ ಪ್ರಯಾಣಿಕ ವಿಮಾನದ ನಿಯಮ ಹೇಳೋದು ಇಷ್ಟು: ಒಂದೇ ಒಂದು ಭಾಗ ಕೆಟ್ಟಿದ್ದಕ್ಕೆ ವಿಮಾನ ಬೀಳಬಾರದು. ಮತ್ತು ವಿಮಾನ ಬೀಳಿಸುವಂಥ ವೈಫಲ್ಯದ ಸಾಧ್ಯತೆ ಹಾರಾಟದ ನೂರು ಕೋಟಿ ಗಂಟೆಗೆ ಒಂದು ಅನ್ನೋ ಮಟ್ಟಕ್ಕೆ ಇಳಿದಿರಬೇಕು. ನೂರು ಕೋಟಿ ಗಂಟೆ ಅಂದ್ರೆ ಸುಮಾರು 1 ಲಕ್ಷ 14 ಸಾವಿರ ವರ್ಷ. ವಿಜಯನಗರ ಸ್ಥಾಪನೆ ಆಗಿ ಇನ್ನೂ 700 ವರ್ಷ ಆಗಿಲ್ಲ, ಲೆಕ್ಕ ಹಾಕಿ. ಅಷ್ಟು ಕಾಲ ಓಡಿಸಿ ಯಾರೂ ಟೆಸ್ಟ್ ಮಾಡೋಕಾಗೋದಿಲ್ಲ. ಹಾಗಾಗಿ ಪ್ರತಿ ಹಲ್ಲು, ಗುಂಡು, ವೈರು, ಸಾಫ್ಟ್‌ವೇರ್ ಸಾಲು ಹೇಗೆಲ್ಲಾ ಕೆಡಬಹುದು ಅಂತ ಬರೆದು, ಲೆಕ್ಕ ಹಾಕಿ, ಚಳಿ, ಬಿಸಿ, ಕಂಪನ, ಧೂಳು, ತೇವ, ಸಿಡಿಲು ಎಲ್ಲದರಲ್ಲೂ ಹಿಂಡಿ, ಕಾಗದದ ರಾಶಿ ಒಪ್ಪಿಸಬೇಕು. ಕಂಪನಿಗಳು ಮಾರೋದು ಮೋಟಾರನ್ನಲ್ಲ, ಆ ಕಾಗದದ ರಾಶಿಯನ್ನ. ಕೆಲವು ನೂರು ರೂಪಾಯಿಯ ಸರ್ವೋ ಜೊತೆ ಬರದೇ ಇರೋದು ಅದೊಂದೇ.

ವಿದ್ಯಾನಗರದಲ್ಲಿ ಇಳಿಯೋ ವಿಮಾನಗಳು

ನಮ್ಮ ಹತ್ತಿರದ ವಿಮಾನ ನಿಲ್ದಾಣ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ವಿದ್ಯಾನಗರ, ಜಿಂದಾಲ್ ಏರ್‌ಪೋರ್ಟ್ ಅಂತಾನೇ ಹೆಚ್ಚು ಜನಕ್ಕೆ ಗೊತ್ತು. ಉಡಾನ್ ಯೋಜನೆ ಬಂದ ಮೇಲೆ ಹಂಪಿ ಪ್ರವಾಸಿಗರಿಗೂ ಅದೇ ದಾರಿ. ಅಲ್ಲಿ ಮೊದಲಿಂದ ಹೆಚ್ಚಾಗಿ ಇಳೀತಿದ್ದದ್ದು ಎಟಿಆರ್ 72, ರೆಕ್ಕೆ ಮೇಲಿದ್ದು, ಎರಡು ಪ್ರೊಪೆಲ್ಲರ್ ಇರೋದು. ಈ ವಿಷಯದಲ್ಲಿ ಅದು ಹಳೇ ಕಾಲದ ಮನುಷ್ಯ. ಪೈಲಟ್ ಕೈಬಲ ಉಕ್ಕಿನ ಕೇಬಲ್ ಮತ್ತು ರಾಡುಗಳ ಮೂಲಕ ನೇರ ರೆಕ್ಕೆಗೆ ಹೋಗುತ್ತೆ, ಫ್ಲ್ಯಾಪ್ ಇಳಿಸೋಕೆ ಹೈಡ್ರಾಲಿಕ್. ಟ್ರಿಮ್ ಮಾಡೋ ಚಿಕ್ಕ ಪಟ್ಟಿಗಳಿಗೆ ಮಾತ್ರ ಎಲೆಕ್ಟ್ರಿಕ್ ಆಕ್ಚುಯೇಟರ್.

ಈಚೆಗೆ ಅಲ್ಲಿಗೆ ಬರೋ ಸ್ಟಾರ್ ಏರ್‌ನ ಎಂಬ್ರೇರ್ ಇ175 ಜೆಟ್ ಬೇರೆ ತಲೆಮಾರು. ಇಳಿಯುವಾಗ ರೆಕ್ಕೆಯ ಹಿಂದೆ ಚಾಚಿಕೊಳ್ಳೋ ಫ್ಲ್ಯಾಪ್, ಮುಂದೆ ಇಳಿಯೋ ಸ್ಲ್ಯಾಟ್ ಎರಡನ್ನೂ ಎಲೆಕ್ಟ್ರಿಕ್ ಮೋಟಾರುಗಳೇ ತಳ್ತವೆ. ಬಾಲದ ಅಡ್ಡ ರೆಕ್ಕೆಯನ್ನೂ ಎಲೆಕ್ಟ್ರಿಕ್ ಸ್ಕ್ರೂವೇ ಹೊಂದಿಸುತ್ತೆ. ಅಲಾಸ್ಕಾದಲ್ಲಿ ಕೈಕೊಟ್ಟ ಅದೇ ಜಾಗ, ಆದ್ರೆ ಎರಡು ಮೋಟಾರು ಇರೋ ಹೊಸ ಕಾಲದ ವಿನ್ಯಾಸ. ಅಂದ್ರೆ ಈ ‘ಭವಿಷ್ಯದ ತಂತ್ರಜ್ಞಾನ’ ದಾಳಿಂಬೆ, ಕಬ್ಬು, ಅದಿರಿನ ನಮ್ಮ ಸೀಮೆಗೆ ಆಗಲೇ ಬಂದಿಳಿದಿದೆ. ಯಾರೂ ಹೂವಿನ ಹಾರ ಹಾಕಿ ಸ್ವಾಗತಿಸಲಿಲ್ಲ, ಅಷ್ಟೇ.

ಅಂಗಡಿ ಯಾರದ್ದು?

ಗೂಗಲ್ ಮಾಡಿದ್ರೆ ‘ಈ ಮಾರುಕಟ್ಟೆ ಇಷ್ಟು ಬಿಲಿಯನ್ ಆಗಲಿದೆ’ ಅನ್ನೋ ವರದಿಗಳು ಸಾಲಾಗಿ ಬರ್ತವೆ. ನಾನು ಆ ಅಂಕಿಗಳನ್ನ ಇಲ್ಲಿ ಓದೋದಿಲ್ಲ. ಸೀಟು ಹಿಂದಕ್ಕೆ ಒರಗಿಸೋ ಮೋಟಾರನ್ನೂ, ಬಾಲ ತಿರುಗಿಸೋ ಸ್ಕ್ರೂವನ್ನೂ ಒಂದೇ ಚೀಲಕ್ಕೆ ಹಾಕಿ ತೂಗಿದ್ರೆ ತೂಕಕ್ಕೆ ಅರ್ಥ ಇರೋದಿಲ್ಲ. ಯಾರು ಯಾರ ಮೇಲೆ ಅವಲಂಬಿತರು ಅನ್ನೋದು ಹೆಚ್ಚು ಹೇಳುತ್ತೆ.

ಅಮೆರಿಕದ ಮೂಗ್ ಮೊದಲ ಹೆಸರು. ಸರ್ವೋ ವಾಲ್ವ್ ರೂಪಿಸಿದ ಬಿಲ್ ಮೂಗ್ 1951ರಲ್ಲಿ ನ್ಯೂಯಾರ್ಕ್ ರಾಜ್ಯದ ಈಸ್ಟ್ ಅರೋರಾದಲ್ಲಿ ಶುರು ಮಾಡಿದ್ದು. ಮ್ಯೂಸಿಕ್ ಮಾಡೋರಿಗೆ ಮೂಗ್ ಸಿಂಥಸೈಜರ್ ಗೊತ್ತಿರುತ್ತೆ; ಅದರ ರಾಬರ್ಟ್ ಮೂಗ್ ಇವರ ಸೋದರ ಸಂಬಂಧಿ. 787, ಎ350 ಎರಡರ ಮುಖ್ಯ ನಿಯಂತ್ರಣ ಆಕ್ಚುಯೇಟರ್‌ಗಳೂ ಮೂಗ್ ಕಂಪನಿಯವು. ನಮ್ಮ ಬೆಂಗಳೂರಲ್ಲೂ ಅವರ ಕೇಂದ್ರ ಇದೆ. ಆಮೇಲೆ ಪಾರ್ಕರ್ ಹ್ಯಾನಿಫಿನ್, ಇದು 2022ರಲ್ಲಿ ಬ್ರಿಟನ್ನಿನ ಮೆಗಿಟ್ಟನ್ನ ಕೊಂಡುಕೊಂಡಿತು. ಹನಿವೆಲ್, ಈಟನ್, ಕರ್ಟಿಸ್ ರೈಟ್, ವುಡ್‌ವರ್ಡ್, ಜರ್ಮನಿಯಲ್ಲಿ ಲೀಬ್‌ಹೆರ್, ಜಪಾನಲ್ಲಿ ನ್ಯಾಬ್ಟೆಸ್ಕೊ, ಫ್ರಾನ್ಸಲ್ಲಿ ಸಫ್ರಾನ್. ಹೆಚ್ಚುಕಮ್ಮಿ ಇಷ್ಟೇ ಮನೆಗಳು, ಮನೆಗಳ ನಡುವೆ ಬೀಗತನ.

ಬೀಗತನ ಅಂದೆನಲ್ಲ, ಅದರ ದೊಡ್ಡ ಕಥೆ ಸಫ್ರಾನದ್ದು. 2023ರ ಜುಲೈನಲ್ಲಿ ಅದು ಕಾಲಿನ್ಸ್ ಏರೋಸ್ಪೇಸ್‌ನ ಆಕ್ಚುಯೇಟರ್ ಮತ್ತು ವಿಮಾನ ನಿಯಂತ್ರಣದ ವ್ಯವಹಾರವನ್ನ 180 ಕೋಟಿ ಡಾಲರಿಗೆ, ಅಂದ್ರೆ ಆಗಿನ ಲೆಕ್ಕದಲ್ಲಿ ಸುಮಾರು 15 ಸಾವಿರ ಕೋಟಿ ರೂಪಾಯಿಗೆ, ಕೊಳ್ತೀನಿ ಅಂತು. ಇಟಲಿ ಸರ್ಕಾರ ಅಡ್ಡ ನಿಂತಿತು. ಮೈಕ್ರೋಟೆಕ್ನಿಕಾ ಅನ್ನೋ ಅಲ್ಲಿನ ಕಂಪನಿ ಈ ಮಾರಾಟದ ಭಾಗ, ಯುದ್ಧ ವಿಮಾನಗಳಿಗೆ ಬಿಡಿಭಾಗ ಕೊಡೋದು ಅದೇ, ಬೇರೆ ದೇಶದವರ ಕೈಗೆ ಹೋದ್ರೆ ಹೇಗೆ ಅಂತ. ಮರುವರ್ಷ ಷರತ್ತು ಹಾಕಿ ಒಪ್ಪಿತು. ಆಮೇಲೆ ಅಮೆರಿಕದ ಸ್ಪರ್ಧಾ ಕಾನೂನಿನವರು ಬಂದ್ರು: ಬಾಲದ ಅಡ್ಡ ರೆಕ್ಕೆ ಹೊಂದಿಸೋ ಆಕ್ಚುಯೇಟರ್ ಮಾಡೋರೇ ಕೆಲವರು, ಅವರಲ್ಲಿ ಇಬ್ಬರು ಒಂದಾದ್ರೆ ಗಿರಾಕಿಗೆ ಆಯ್ಕೆ ಎಲ್ಲಿ? ಸಫ್ರಾನ್ ತನ್ನ ಉತ್ತರ ಅಮೆರಿಕದ ಆ ವ್ಯವಹಾರವನ್ನ ವುಡ್‌ವರ್ಡ್‌ಗೆ ಮಾರಿತು. ಎಲ್ಲ ಮುಗಿದದ್ದು 2025ರ ಜುಲೈನಲ್ಲಿ, ಎರಡು ವರ್ಷ. ಸರ್ಕಾರಗಳು ಒಂದು ಸ್ಕ್ರೂಗಾಗಿ ಇಷ್ಟು ಗುದ್ದಾಡಿದ್ವು. ಯಾಕಂದ್ರೆ ಒಂದು ವಿಮಾನದ ವಿನ್ಯಾಸದಲ್ಲಿ ಒಮ್ಮೆ ನಿಮ್ಮ ಆಕ್ಚುಯೇಟರ್ ಕೂತ್ರೆ, ಆ ವಿಮಾನ ಹಾರೋವರೆಗೂ ರಿಪೇರಿ, ಬಿಡಿಭಾಗ ಎಲ್ಲ ನಿಮ್ಮದೇ. ಬದಲಿಸಬೇಕು ಅಂದ್ರೆ ಆ ಕಾಗದದ ರಾಶಿ ಮತ್ತೆ ಮೊದಲಿಂದ.

ಅಂಗಡಿಯವನು ಇಲ್ಲ ಅಂದಾಗ

ಕರ್ನಾಟಕ ಈ ಪಾಠವನ್ನ ದುಬಾರಿ ಫೀಸು ಕೊಟ್ಟು ಕಲಿತಿದೆ. 1998ರ ಮೇ ತಿಂಗಳು, ಪೋಖ್ರಾನ್ ಪರಮಾಣು ಪರೀಕ್ಷೆ. ಬೆಂಗಳೂರಿನ ಎಡಿಎ, ಎಚ್‌ಎಎಲ್ ಆಗ ಲಘು ಯುದ್ಧ ವಿಮಾನ, ಅಂದ್ರೆ ಈಗಿನ ತೇಜಸ್, ಕಟ್ತಾ ಇದ್ವು. ಅದರ ಹಾರಾಟ ನಿಯಂತ್ರಣದ ಕೆಲಸಕ್ಕೆ ನಮ್ಮ ಎಂಜಿನಿಯರ್‌ಗಳು ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ಇದ್ರು. ನಿರ್ಬಂಧ ಬಂದ ತಕ್ಷಣ ವಾಪಸ್ ಕಳಿಸಿದ್ರು. ಆಕ್ಚುಯೇಟರ್ ಸೇರಿ ಅಲ್ಲಿಂದ ಬರಬೇಕಿದ್ದ ಭಾಗಗಳಿಗೂ ತಡೆ ಬಿತ್ತು. ಉಳಿದ ಕೆಲಸವನ್ನ ಇಲ್ಲಿನವರು ಇಲ್ಲೇ ಮುಗಿಸಿ, ಕೋಟಾ ಹರಿನಾರಾಯಣ ಅವರ ನೇತೃತ್ವದಲ್ಲಿ 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಹಾರಿಸಿದ್ರು.

ಅಲ್ಲಿಂದ 23 ವರ್ಷ ಮುಂದಕ್ಕೆ ಬನ್ನಿ. 2024ರ ಏಪ್ರಿಲ್ 19, ತೇಜಸ್ ಮಾರ್ಕ್-1ಎಗೆ ದೇಶದಲ್ಲೇ ಮಾಡಿದ ಲೀಡಿಂಗ್ ಎಡ್ಜ್ ಆಕ್ಚುಯೇಟರ್ ಮತ್ತು ಏರ್‌ಬ್ರೇಕ್ ನಿಯಂತ್ರಣ ಘಟಕಗಳ ಮೊದಲ ಕಂತು ಎಚ್‌ಎಎಲ್ ಕೈಸೇರಿತು. ಎಡಿಎ ಜೊತೆ ಹೈದರಾಬಾದಿನ ಆರ್‌ಸಿಐ, ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ ಸೇರಿ ಮಾಡಿದ್ದು. ಉತ್ಪಾದನೆ ಎಚ್‌ಎಎಲ್‌ನ ಲಖನೌ ಘಟಕದಲ್ಲಿ. ಇವು ಸರ್ವೋ ವಾಲ್ವ್ ಇರೋ ಎಲೆಕ್ಟ್ರೋ ಹೈಡ್ರಾಲಿಕ್ ಮಾದರಿ, ಪೂರ್ತಿ ಎಲೆಕ್ಟ್ರಿಕ್ ಅಲ್ಲ. ಜಾಗವೂ ರೆಕ್ಕೆಯ ಮುಂಚೂಣಿ ಪಟ್ಟಿ ಮತ್ತು ಏರ್‌ಬ್ರೇಕ್, ಅಂದ್ರೆ ಎರಡನೇ ಸಾಲಿನ ನಿಯಂತ್ರಣ. ಇದನ್ನ ಕೇಳಿ ‘ಇಷ್ಟೇನಾ?’ ಅಂತ ಮೂಗು ಮುರಿಯೋರಿಗೆ 787ರ ಸ್ಪಾಯ್ಲರ್ ಕಥೆ ನೆನಪಿಸ್ತೀನಿ. ಬೋಯಿಂಗ್ ಕೂಡ ಹೊಸಬರನ್ನ ಹಿತ್ತಲ ಬಾಗಿಲಿಂದಲೇ ಕರೆದದ್ದು.

ನನ್ನ ತಕರಾರು ಬೇರೆ ಕಡೆ. ನಮ್ಮ ರಾಜ್ಯ ವಿಮಾನದ ಬಿಡಿಭಾಗಗಳಲ್ಲಿ ಸಣ್ಣದೇನಲ್ಲ. ಬೆಳಗಾವಿಯಲ್ಲಿ ಏಕಸ್, ಬೆಂಗಳೂರಲ್ಲಿ ಏರ್‌ಬಸ್‌ಗೆ ಫ್ಲ್ಯಾಪ್ ಟ್ರ್ಯಾಕ್ ಬೀಮ್ ಮಾಡೋ ಡೈನಮ್ಯಾಟಿಕ್, ಜೊತೆಗೆ ಮೇಲೆ ಹೇಳಿದ ವಿದೇಶಿ ಮನೆಗಳಲ್ಲಿ ಕೆಲವರ ಎಂಜಿನಿಯರಿಂಗ್ ಕಚೇರಿಗಳು. ನಮ್ಮ ಹುಡುಗರು ಬೆಂಗಳೂರಲ್ಲಿ ಕೂತು ಆಕ್ಚುಯೇಟರ್‌ಗಳ ವಿನ್ಯಾಸ, ಟೆಸ್ಟಿಂಗ್ ಮಾಡ್ತಾರೆ. ಕೈ ನಮ್ಮದು. ಆದ್ರೆ ಪ್ರಯಾಣಿಕ ವಿಮಾನದ ಆ ಪ್ರಮಾಣಪತ್ರದ ಮೇಲೆ ಹೆಸರು ಬೇರೆಯವರದ್ದು. ಇಲ್ಲ ಅನ್ನೋ ಅಧಿಕಾರ ಇರೋದು ಹೆಸರು ಇದ್ದವರಿಗೆ. ತೇಜಸ್ ಮಾರ್ಕ್-1ಎ ಈಗಲೂ ಅಮೆರಿಕದ ಜಿಇ ಎಂಜಿನ್ ತಡವಾಗಿ ಬಂದದ್ದಕ್ಕೆ ಕಾಯಬೇಕಾಯ್ತು ಅನ್ನೋದನ್ನ ಸುದ್ದಿಯಲ್ಲಿ ನೋಡೇ ಇದ್ದೀರಿ. ಆಕ್ಚುಯೇಟರ್ ವಿಷಯದಲ್ಲಿ ಆ ಸಾಲಿಂದ ಹೊರಬರೋ ಮೊದಲ ಹೆಜ್ಜೆ ಬಿದ್ದಿದೆ, ಅಷ್ಟೇ.

ಪೈಲಟ್ ಇಲ್ಲದ ಡ್ರೋನ್‌ಗಳು, ನಗರದೊಳಗೆ ಹಾರೋ ಎಲೆಕ್ಟ್ರಿಕ್ ಟ್ಯಾಕ್ಸಿಗಳು ಬರ್ತಾ ಇವೆ. ಬ್ಯಾಟರಿಯಲ್ಲಿ ಹಾರೋ ಯಂತ್ರಕ್ಕೆ ಆಯಿಲ್ ಪಂಪ್ ಹೊರಿಸೋಕಾಗೋದಿಲ್ಲ, ಅಲ್ಲಿ ಎಲೆಕ್ಟ್ರೋಮೆಕ್ಯಾನಿಕಲ್ ಬಿಟ್ರೆ ದಾರಿ ಕಡಿಮೆ. ಬೆಂಗಳೂರಲ್ಲೇ ಸರಳಾ ಏವಿಯೇಷನ್ ಥರದ ಕಂಪನಿಗಳು ಇಂಥ ಟ್ಯಾಕ್ಸಿ ಮಾಡ್ತೀವಿ ಅಂತ ಹೊರಟಿವೆ. ಹೊಸ ವಿಮಾನ, ಹೊಸ ವಿನ್ಯಾಸ, ಆಕ್ಚುಯೇಟರ್ ಯಾರದ್ದು ಅನ್ನೋದು ಇನ್ನೂ ತೀರ್ಮಾನ ಆಗಿರದ ಜಾಗ. ಹೊಸಪೇಟೆಯ ಪ್ರೌಢದೇವರಾಯ ಕಾಲೇಜಲ್ಲೋ, ಬಳ್ಳಾರಿಯ ಕಾಲೇಜುಗಳಲ್ಲೋ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದ್ತಾ ಇರೋರು ಪ್ರಾಜೆಕ್ಟ್ ಹುಡುಕ್ತಾ ಇದ್ರೆ ಒಂದು ಸಲಹೆ: ಆಕ್ಚುಯೇಟರ್ ಓಡಿಸಿ ತೋರಿಸಬೇಡಿ, ಅದು ಎಲ್ಲರಿಗೂ ಬರುತ್ತೆ. ಬೇಕಂತಲೇ ಜಾಮ್ ಮಾಡಿ. ಗೇರಿನ ಹಲ್ಲಿನ ನಡುವೆ ಏನಾದ್ರೂ ಸಿಕ್ಕಿಸಿ, ಪೂರ್ತಿ ನಿಲ್ಲೋ ಮುಂಚೆ ಮೋಟಾರಿನ ಕರೆಂಟ್ ಹೇಗೆ ಏರುತ್ತೆ ಅಂತ ಅಳೆಯಿರಿ. ಸಿಕ್ಕಿಕೊಳ್ಳೋ ಮೊದಲೇ ಅದರ ಸುಳಿವು ಹಿಡಿಯೋದು ಹೇಗೆ ಅನ್ನೋದು ಈ ಕ್ಷೇತ್ರದಲ್ಲಿ ಇನ್ನೂ ಕೆಲಸ ನಡೀತಾ ಇರೋ ಪ್ರಶ್ನೆ.

ಡ್ಯಾಂ ಕಡೆ, ತಜ್ಞರ ಸಮಿತಿ ನೋಡಿ ಹೇಳಿದ ಮೇಲೆ ಒಂದಲ್ಲ, 33 ಗೇಟುಗಳನ್ನೂ ಬದಲಿಸೋ ತೀರ್ಮಾನ ಆಯ್ತು. ಹಳೇ ಗೇಟುಗಳ ಮೇಲೆ ಭಾರ ಹಾಕಬಾರದು ಅಂತ 2025ರಲ್ಲಿ ನೀರನ್ನ 80 ಟಿಎಂಸಿಗೇ ನಿಲ್ಲಿಸಿದ್ರು. ಜಲಾಶಯದಲ್ಲಿ ನೂರೈದು ಟಿಎಂಸಿ ಹಿಡಿಯೋ ಜಾಗ ಇದ್ರೂ.

ವಿದ್ಯಾನಗರದಿಂದ ಜೆಟ್ ಹತ್ತೋರು ರೆಕ್ಕೆಯ ಸ್ವಲ್ಪ ಹಿಂದಿನ ಕಿಟಕಿ ಸೀಟು ಕೇಳಿ. ಇಳಿಯೋ ಮುಂಚೆ ರೆಕ್ಕೆ ಹಿಂಭಾಗ ನಿಧಾನಕ್ಕೆ ಚಾಚಿಕೊಳ್ಳುತ್ತೆ, ಜೊತೆಗೆ ‘ಗುಂಯ್’ ಅನ್ನೋ ಸದ್ದು ಬರುತ್ತೆ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು ಆ ಸದ್ದು ರೆಕಾರ್ಡ್ ಮಾಡಿ ನಮಗೆ ಕಳಿಸಿ, ಮುಂದಿನ ಎಪಿಸೋಡಿನ ಶುರುವಲ್ಲಿ ಹಾಕ್ತೀನಿ. ಸಿಗೋಣ.